ಸಾಕು ಎಂದ ಮೇಲಿನ ತುಪ್ಪ

ಬರ್ರಿ ತಾಯಂದಿರಾ, ಒಳಗೆ ಬರ್ರಿ. ಬಾಗಿಲಲ್ಲಿ ನಿಂತು ಕೇಳುವ ಕಥೆಯಲ್ಲ ಇದು. ಚಾಪೆ ಎಳೆದುಕೊಂಡು ಕೂಡಿರಿ, ಮೊಣಕಾಲು ನೋಯುವವರು ಗೋಡೆಗೆ ಆತುಕೊಳ್ಳಿರಿ. ಒಲೆಯ ಮೇಲೆ ಹಾಲಿಟ್ಟು ಬಂದವರಿದ್ದರೆ ಓಡಿ ಹೋಗಿ ಇಳಿಸಿ ಬರ್ರಿ. ನಡುವೆ ಎದ್ದು ಹೋದರೆ ಬಂಡೆಮ್ಮ ತಾಯಿಯವರ ಮಾತು ಅರ್ಧಕ್ಕೆ ಕಿವಿ ಸೇರುತ್ತದೆ, ಅರ್ಧ ಮಾತು ಮನೆಗೊಯ್ದು ಏನು ಮಾಡುತ್ತೀರಿ? ಕಣ್ಣು ಮುಚ್ಚಿ ಒಮ್ಮೆ ತಾಯಿಯವರನ್ನು ನೆನೆಯಿರಿ. ಆಯಿತಲ್ಲ? ಈಗ ಕೇಳಿರಿ.

ಕಣಿಹಾಳ ಎಂಬ ಊರಿನ ಹೊರಗೆ ಫರಸಿ ಕಲ್ಲಿನ ಹಳೆಯ ಖಣಿಯೊಂದಿತ್ತು. ಕಲ್ಲು ತೆಗೆದು ತೆಗೆದು ನೆಲ ಬಾಯಿಬಿಟ್ಟಿತ್ತು. ಕೆಲಸ ನಿಂತ ಮೇಲೆ ಅದರೊಳಗೆ ಮಳೆನೀರು ತುಂಬಿ, ದಂಡೆಯಲ್ಲಿ ಜಾಲಿ ಬೆಳೆದು, ಆಡು ಕಾಯುವವರ ಹೊರತು ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಅಂಥ ಜಾಗದಲ್ಲಿ ಮಾತೆ ಬಂಡೆಮ್ಮ ತಾಯಿಯವರು ವಾಸವಾಗಿದ್ದರು. ಗುಡಿಸಲಿನ ಗೋಡೆಯೂ ಫರಸಿ, ಮಾಡೂ ಫರಸಿ, ಮಲಗುವುದೂ ಫರಸಿಯ ಮೇಲೆಯೇ. ಬಾಗಿಲಿಗೆ ಒಂದು ಗೋಣಿಚೀಲ ತೂಗುತ್ತಿತ್ತು. ದಿನಕ್ಕೊಮ್ಮೆ ಹಿಡಿ ಜೋಳದ ನುಚ್ಚು ಬೇಯಿಸಿ, ಮಜ್ಜಿಗೆ ಕಲಸಿ ಸ್ವೀಕರಿಸುತ್ತಿದ್ದರು. ಜನ ಬಂದು ಕಾಲಿಗೆ ಬಿದ್ದು ಬೂದಿ ಕೇಳುತ್ತಿದ್ದರು. ಒಲೆಯಲ್ಲಿ ಇದ್ದ ಬೂದಿಯನ್ನು ಅವರು ಪಾತ್ರೆ ತಿಕ್ಕಲು ಬಳಸುತ್ತಿದ್ದರೇ ಹೊರತು ಯಾರ ಹಣೆಗೂ ಹಚ್ಚಿದವರಲ್ಲ. ಮಾತು ಬಹಳ ಕಡಿಮೆ. ಭಕ್ತರ ಮನೆಯ ಹೊಸ್ತಿಲನ್ನೂ ಅದುವರೆಗೆ ತುಳಿದವರಲ್ಲ.

ಆ ಊರಿನ ಅಯ್ಯನವರು ಚರಂತಯ್ಯನವರು. ಮದುವೆ, ತೊಟ್ಟಿಲು, ಮಣ್ಣು ಮಾಡುವುದು, ಎಲ್ಲಕ್ಕೂ ಅವರ ಬಾಯಿಂದಲೇ ಮಂತ್ರ ಬರಬೇಕು. ಕಂಠವೆಂದರೆ ಅದು ಕಂಠ. ಹಂದರದಲ್ಲಿ ಅವರು ಬಾಯಿ ತೆರೆದರೆ ವಾಲಗದವರು ತಾವಾಗಿಯೇ ವಾದ್ಯ ಕೆಳಗಿಟ್ಟು ಕೇಳುತ್ತ ಕೂಡುತ್ತಿದ್ದರು. ತಂದೆಯಿಂದ ಮಗನಿಗೆ ಇಳಿದುಬಂದ ಅಯ್ಯತನ. ಹೊಲವಿಲ್ಲ, ಅಂಗಡಿಯಿಲ್ಲ, ಜೋಳಿಗೆಯೇ ಅವರ ಮನೆತನ.

ಶ್ರಾವಣ ಬಂತೆಂದರೆ ಸೋಮವಾರಕ್ಕೊಮ್ಮೆ ಬಿನ್ನ ಇರುತ್ತಿತ್ತು. ಭಕ್ತರು ಅಯ್ಯನವರನ್ನು ಮನೆಗೆ ಕರೆದು, ಪಾದ ತೊಳೆದು, ಅಡ್ಡಣಿಗೆಯ ಮೇಲೆ ತಾಟು ಇಟ್ಟು ಉಣಬಡಿಸುವುದೇ ಬಿನ್ನ. ಒಂದು ಮನೆ ಮುಗಿದರೆ ಇನ್ನೊಂದು, ಅಲ್ಲಿಂದ ಮತ್ತೊಂದು. ತಾಟಿಗೆ ಬಿದ್ದದ್ದೆಲ್ಲ ಪ್ರಸಾದ, ಒಂದು ಅಗುಳು ಬಿಡುವಂತಿಲ್ಲ. ಉಂಡ ಮೇಲೆ ತಾಟು ತೊಳೆದ ನೀರನ್ನೂ ಕುಡಿಯಬೇಕು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಕಣಿಹಾಳದವರಿಗೆ ಒಂದು ಹಟವಿತ್ತು. ಅಯ್ಯನವರು ಯಾರ ಮನೆಯಲ್ಲಿ ಹೆಚ್ಚು ಉಂಡರೋ ಆ ಮನೆಗೆ ಹೆಚ್ಚು ಪುಣ್ಯವಂತೆ. ಅವರು ಮೊದಲ ಸಲ ಬೇಡವೆಂದರೆ ಸಂಕೋಚ ಎನ್ನುವರು, ಎರಡನೆಯ ಸಲ ಅಂದರೆ ಬಿಂಕ ಎನ್ನುವರು, ಮತ್ತೊಮ್ಮೆ ಅಂದರೆ ‘ನಿಮ್ಮ ಪಾದದಾಣಿ’ ಎಂದು ಆಣೆಯಿಟ್ಟು ತಾಟಿಗೆ ಸುರಿದೇಬಿಡುವರು. ಸುರಿದದ್ದು ಪ್ರಸಾದವಾಯಿತು, ಉಣ್ಣಲೇಬೇಕಾಯಿತು.

ಈ ಹಟದಲ್ಲಿ ಎಲ್ಲರನ್ನೂ ಮೀರಿಸಿದವಳು ಸೂಗಮ್ಮ ಗೌಡ್ತಿ, ಊರ ಗೌಡರಾದ ಅಣವೀರಪ್ಪನವರ ತಾಯಿ. ಆಕೆಯ ಕೈಯ ಹೋಳಿಗೆ ತುಪ್ಪದಲ್ಲಿ ಈಜುತ್ತಿತ್ತು. ‘ನನ್ನ ಮನ್ಯಾಗ ಉಡದಾರ ಸಡಿಲ ಮಾಡ್ದೆ ಎದ್ದಾವ ಇನ್ನೂ ಹುಟ್ಟಿಲ್ಲ’ ಎಂದು ಹೇಳಿಕೊಂಡು ತಿರುಗುವಳು. ಪ್ರೀತಿಯ ಹೆಂಗಸು, ಆದರೆ ಆ ಪ್ರೀತಿಗೆ ಬ್ರೇಕಿರಲಿಲ್ಲ.

ಚರಂತಯ್ಯನವರಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಕಲ್ಲಿನ ನೋವು ಹೋಯಿತು, ಬೇರೆ ಉರಿ ಬಂತು. ಉಂಡು ಮಲಗಿದರೆ ಸಾಕು, ಎದೆಯ ಗೂಡಿನಲ್ಲಿ ಕೆಂಡ ಇಟ್ಟಂತಾಗುವುದು. ಬೆಳಗ್ಗೆ ಎದ್ದರೆ ಬಾಯಿ ಬೇವು ಅರೆದಂತೆ ಕಹಿ. ಬಚ್ಚಲಲ್ಲಿ ಕೂತು ಹಸುರು ಹಳದಿಯ ನೀರು ಕಾರುವರು. ಯಾರೋ ಹೇಳಿದರೆಂದು ಸೋಡಾಪುಡಿ ನುಂಗಿದರು, ಯಾರೋ ಹೇಳಿದರೆಂದು ನಿಂಬೆಹುಳಿ ಕುಡಿದರು, ಉರಿ ಇನ್ನೂ ಹೆಚ್ಚಿತು. ಅಂಗಿಯೊಳಗೆ ಮೈ ಕರಗಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕಂಠಕ್ಕೆ. ಮೇಲೇರಿದ ಪಿತ್ತ ಗಂಟಲನ್ನೇ ಸುಟ್ಟಿತೋ ಏನೋ, ಆ ವರ್ಷದ ಒಂದು ಮದುವೆಯಲ್ಲಿ ಮಂತ್ರದ ನಡುವೆ ಅವರ ದನಿ ಒಡೆದು ನಿಂತುಬಿಟ್ಟಿತು. ಹಂದರದಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವರ ಹೆಂಡತಿ ನೀಲಗಂಗಮ್ಮ ಹಟ ಮಾಡಿ ತಾಲೂಕಿನ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಗಂಟಲಿನೊಳಗೆ ನಳಿಗೆ ಬಿಟ್ಟು ನೋಡಿ, ನಿಧಾನವಾಗಿ ತಿಳಿಸಿ ಹೇಳಿದಳು:

“ಹೊಟ್ಟೆಗೂ ಕರುಳಿಗೂ ನಡುವೆ ಒಂದು ಬಾಗಿಲಿದ್ದಂಗ ಇರ್ತದ, ಅಮ್ಮೋರೆ. ಇವರದು ಸಡಿಲಾಗ್ಯದ. ಕೆಳಗ ಇಳೀಬೇಕಾದ ಪಿತ್ತ ಹಿಂದಕ್ಕ ಹೊಟ್ಟಿಗಿ ಬಂದು, ಅಲ್ಲಿಂದ ಅನ್ನನಾಳಕ್ಕ ಏರ್ಲತ್ತದ. ಒಳಗೆಲ್ಲ ಹುಣ್ಣಾಗ್ಯಾವ. ಗುಳಿಗಿ ಕೊಡ್ತೀನಿ. ಆದ್ರ ಗುಳಿಗಿ ಒಂದೇ ಸಾಲಂಗಿಲ್ಲ. ಎಣ್ಣಿ, ತುಪ್ಪ, ಖಾರ ಕಡಿಮಿ ಮಾಡ್ಬೇಕು. ಸ್ವಲ್ಪ ಸ್ವಲ್ಪ ಹಲವು ಸಲ ಉಣ್ಬೇಕು. ಉಂಡ ಕೂಡ್ಲೆ ಮಲಗಬಾರ್ದು. ಹೊರಸಿನ ತಲೀ ಕಡಿ ಎತ್ತರ ಮಾಡ್ರಿ. ಹಿಂಗೇ ಬಿಟ್ರ ಹುಣ್ಣು ಕೆಟ್ಟ ಬ್ಯಾನಿಗಿ ತಿರುಗ್ತದ.”

ಮನೆ ಮುಟ್ಟಿದ ಮೇಲೆ ಅಯ್ಯನವರು ಗುಳಿಗೆಯ ಚೀಲವನ್ನು ಗೋಡೆಯ ಗೂಡಿನಲ್ಲಿ ಒಗೆದರು.

“ಪ್ರಸಾದಕ್ಕ ಒಲ್ಲೆ ಅಂದ ನಾಲಿಗಿ ಜಂಗಮರ ನಾಲಿಗಿ ಹೆಂಗಾಗ್ತದ, ನೀಲಾ? ನಮ್ಮಪ್ಪ ಅನ್ಲಿಲ್ಲ. ನಮ್ಮ ಮುತ್ಯಾ ಅನ್ಲಿಲ್ಲ.”

“ಅವರ ಪಿತ್ತ ಕೆಳಗಿಳೀತಿತ್ತು. ನಿಮ್ಮದು ಮ್ಯಾಲ ಏರ್ಲತ್ತದ.”

“ಏರ್ಲಿ ಬಿಡು. ಪ್ರಸಾದ ಉಣಕೋತ ಸತ್ತರ ಕೈಲಾಸ.”

“ನಿಮಗ ಕೈಲಾಸ. ನನಗೇನು, ಖಾಲಿ ತಾಟ?”

ಆದರೂ ಮುಂದಿನ ಸೋಮವಾರ ಅಯ್ಯನವರು ಜೋಳಿಗೆ ಹೆಗಲಿಗೇರಿಸಿ ಹೊರಟೇಬಿಟ್ಟರು. ಮರುದಿನ ನಸುಕಿನಲ್ಲಿ ಬಚ್ಚಲಲ್ಲಿ ಕಾರಿದ ನೀರಿನಲ್ಲಿ ನೀಲಗಂಗಮ್ಮನಿಗೆ ಕೆಂಪು ಎಳೆ ಕಂಡಿತು. ಆಕೆ ಅದರ ಮೇಲೆ ನೀರು ಸುರಿದಳು, ಸೆರಗು ಬಿಗಿದಳು, ನೆಟ್ಟಗೆ ಖಣಿಯ ದಾರಿ ಹಿಡಿದಳು.

ಆಕೆ ಭಕ್ತಿಯಿಂದ ಹೋದಳೆಂದು ತಿಳಿಯಬೇಡಿರಿ. ಜಗಳಕ್ಕೆ ಹೋದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ದೇವರ ಹೆಸರಿನಲ್ಲಿ ನೀಡುವವರು ನೂರು ಮಂದಿ, ದೇವರ ಹೆಸರಿನಲ್ಲಿ ಉತ್ತರ ಹೇಳುವವರು ಒಬ್ಬರಾದರೂ ಇರಬೇಕಲ್ಲ?

ತಾಯಿಯವರು ಗುಡಿಸಲಿನ ಮುಂದೆ ಕೂತು ಮೊರದಲ್ಲಿ ನುಚ್ಚಿನ ಕಲ್ಲು ಆರಿಸುತ್ತಿದ್ದರು. ನೀಲಗಂಗಮ್ಮ ಕಾಲಿಗೆ ಬೀಳಲಿಲ್ಲ. ನಿಂತಲ್ಲಿಂದಲೇ ದನಿ ಎತ್ತಿದಳು.

“ನಾ ಬೂದಿ ಕೇಳ್ಲಿಕ್ಕ ಬಂದಿಲ್ಲ. ಜವಾಬು ಕೇಳ್ಲಿಕ್ಕ ಬಂದೀನಿ. ಪ್ರಸಾದ ಅಮೃತ ಅಂತೀರಲ್ಲ ನೀವೆಲ್ಲ? ಆ ಅಮೃತ ನನ್ನ ಗಂಡನ್ನ ಒಳಗಿಂದೊಳಗ ಸುಡ್ಲತ್ತದ. ಯಾಕ? ಹೇಳ್ರಿ.”

ತಾಯಿಯವರು ಮೊರ ಕೆಳಗಿಟ್ಟರು. ಎದ್ದು ಮಡಕೆಯಿಂದ ಒಂದು ಚೆಂಬು ನೀರು ತಂದು ಆಕೆಯ ಕೈಗೆ ಕೊಟ್ಟರು. ಆಕೆ ಕುಡಿದು ಮುಗಿಸಿದ ಮೇಲೆ ಕೇಳಿದರು:

“ಡಾಕ್ಟರ್ ಏನಂದ್ರು?”

ನೀಲಗಂಗಮ್ಮ ಹೇಳಿದಳು. ಬಾಗಿಲು ಸಡಿಲಾದದ್ದು, ಹುಣ್ಣು, ಗುಳಿಗೆ, ಹೊರಸು, ಎಲ್ಲ.

“ಮತ್ತ ಅದನ್ನೇ ಮಾಡ್ರಿ.”

“ಮಾಡವಲ್ರಲ್ಲ, ತಾಯಿ!” ಎನ್ನುವಾಗ ಆಕೆಯ ಸಿಟ್ಟಿನ ಕಟ್ಟೆ ಒಡೆದು ನೀರು ಬಂತು. “ಒಲ್ಲೆ ಅನ್ನೋ ಮಾತು ಅವರ ಬಾಯಾಗ ಬರವಲ್ದು. ಜಂಗಮರ ಬಾಯಿಗಿ ಅದನ್ನ ಯಾರೂ ಕಲಿಸೇ ಇಲ್ಲ.”

ತಾಯಿಯವರು ಆಕೆಯ ಕೈಯಿಂದ ಚೆಂಬು ಇಸಿದುಕೊಂಡು ಕೇಳಿದರು:

“ಬರೋ ಸೋಮಾರ ಬಿನ್ನ ಮೊದಲು ಯಾರ ಮನ್ಯಾಗ?”

“ಗೌಡ್ತಿ ಮನ್ಯಾಗ. ಕಡೀ ಸೋಮಾರ ಯಾವಾಗ್ಲೂ ಆಕಿದೇ.”

“ನಾನೂ ಬರ್ತೀನಿ ಅಂತ ಹೇಳು.”

ಅಷ್ಟೇ. ಮತ್ತೆ ಮೊರ ಎತ್ತಿಕೊಂಡರು. ನೀಲಗಂಗಮ್ಮ ತಿರುಗಿ ಬರುವಾಗ ಮನಸ್ಸಿನಲ್ಲಿ ಒಂದಿಷ್ಟೂ ನಂಬಿಕೆಯಿರಲಿಲ್ಲ. ಬೆಂಕಿ ಆರಿಸು ಎಂದರೆ ಇವರು ಊಟಕ್ಕೆ ಬರುತ್ತೇನೆ ಅನ್ನುತ್ತಾರೆ, ಪಂಕ್ತಿಯಲ್ಲಿ ಇನ್ನೊಂದು ತಾಟು ಹೆಚ್ಚಾಯಿತು ಅಷ್ಟೇ, ಎಂದುಕೊಂಡಳು.

ಸೂಗಮ್ಮ ಗೌಡ್ತಿಗೆ ಸುದ್ದಿ ಮುಟ್ಟಿದಾಗ ಆಕೆ ನೆಲದ ಮೇಲೆ ನಿಲ್ಲಲಿಲ್ಲ. ಯಾರ ಹೊಸ್ತಿಲನ್ನೂ ತುಳಿಯದ ತಾಯಿಯವರು ತನ್ನ ಮನೆಗೆ ಉಣ್ಣಲು ಬರುತ್ತಾರೆ! ಓಣಿ ಓಣಿಗೆ ಹೇಳಿಕಳಿಸಿದಳು. ಸೋಮವಾರ ಗೌಡರ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಹೂರಣದ ಹೋಳಿಗೆ ಬುಟ್ಟಿ ತುಂಬ, ಎಣ್ಣೆಗಾಯಿ ಬದನೆಕಾಯಿ, ಮಿರ್ಚಿ ಭಜಿ, ಕಟ್ಟಿನ ಸಾರು, ಬೆಲ್ಲದ ಮಾಲದಿ. ಕಾಸಿದ ತುಪ್ಪದ ಘಮ ಬೀದಿಯ ತಿರುವಿನತನಕ.

ತಾಯಿಯವರು ಬಂದರು. ಪಂಕ್ತಿಯಲ್ಲಿ ಕುಳಿತರು. ಪಕ್ಕದಲ್ಲಿ ಚರಂತಯ್ಯನವರು, ಆಚೆಗೆ ಅವರ ಅಣ್ತಮ್ಮಿಕೆಯ, ಎಂದರೆ ದಾಯಾದಿ ಮನೆಯ, ಕಲ್ಲಯ್ಯ. ಈ ಕಲ್ಲಯ್ಯನಿಗೆ ಅಯ್ಯತನದ ಮೇಲೆ ಬಹಳ ದಿನದಿಂದ ಕಣ್ಣು. ಚರಂತಯ್ಯನವರ ದನಿ ಒಡೆದ ದಿನದಿಂದ ಅವನು ಮಂತ್ರಗಳನ್ನು ಬಾಯಲ್ಲಿ ಹೊರಳಿಸುತ್ತಿದ್ದನೆಂದು ಊರಿಗೆಲ್ಲ ಗೊತ್ತಿತ್ತು. ನೀಲಗಂಗಮ್ಮ ಹೆಂಗಸರ ನಡುವೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡನ ಜೋಳಿಗೆ, ಬೆತ್ತ ಅವಳ ಕೈಯಲ್ಲಿದ್ದವು.

ತಾಯಿಯವರು ಒಂದು ಹೋಳಿಗೆ, ಒಂದು ಹಿಡಿ ಅನ್ನ ಹಾಕಿಸಿಕೊಂಡರು. ಸಾವಕಾಶ ಅಗಿದು ಅಗಿದು ಉಂಡರು. ಕೊನೆಯ ಅಗುಳನ್ನೂ ಬಿಡಲಿಲ್ಲ. ತಾಟು ತೊಳೆದು ಆ ನೀರನ್ನೂ ಕುಡಿದರು. ಕೂತವರೆಲ್ಲ ಭಕ್ತಿಯಿಂದ ನೋಡಿದರು. ಅಷ್ಟರಲ್ಲಿ ಗೌಡ್ತಿ ಎರಡನೆಯ ಹೋಳಿಗೆ ಹಿಡಿದು ಬಂದಳು.

“ಸಾಕು,” ಎಂದರು ತಾಯಿಯವರು.

“ನಮ್ಮ ಮನ್ಯಾಗ ಸಾಕು ಅಂದ್ರ ಇನ್ನೂ ಎರಡು ಅಂತ, ತಾಯಿ!” ಗೌಡ್ತಿ ನಕ್ಕಳು. ಜನರೂ ನಕ್ಕರು.

ತಾಯಿಯವರು ನಗಲಿಲ್ಲ. ತೊಳೆದ ತಾಟಿನ ಮೇಲೆ ಅಂಗೈ ಹರವಿದರು.

“ಕೈ ತೆಗೀರಿ ತಾಯಿ. ನಿಮ್ಮ ಪಾದದಾಣಿ.”

“ಒಲ್ಲೆ.”

ನಗುತ್ತಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅಣವೀರಪ್ಪ ಗೌಡರು ಮುಂದೆ ಬಂದು ಕೈಜೋಡಿಸಿದರು, ಆದರೆ ದನಿಯಲ್ಲಿ ಬಿಸಿಯಿತ್ತು.

“ತಾಯಿ, ನಿಮಗ ತಿಳೀಲಾರದ್ದು ಏನದ? ಪ್ರಸಾದಕ್ಕ ಒಲ್ಲೆ ಅಂದ್ರ ಮನಿಗಿ ಕೇಡು, ಊರಿಗಿ ಕೇಡು ಅಂತಾರ. ನಮ್ಮವ್ವನ ಮಾರಿ ನೋಡಿಯಾದ್ರೂ...”

ತಾಯಿಯವರು ಕೈ ಎತ್ತಲಿಲ್ಲ.

“ಸಾಕು ಅನ್ನೂತನಕ ನೀಡಿದ್ದು ಶಿವಂದು. ಸಾಕು ಅಂದ ಮ್ಯಾಲ ನೀಡಿದ್ದು ನಿಮ್ಮದು. ಶಿವಂದು ಉಂಡೀನಿ. ನಿಮ್ಮದು ಒಲ್ಲೆ.”

ಅಡುಗೆಮನೆಯ ಬಾಗಿಲಲ್ಲಿದ್ದ ನೀಲಗಂಗಮ್ಮನಿಗೆ ಆಗ ತಿಳಿಯಿತು. ಇವರು ಉಣ್ಣಲು ಬಂದದ್ದಲ್ಲ! ತನ್ನ ಗಂಡನ ಬಾಯಿಗೆ ಯಾರೂ ಕಲಿಸದ ಮಾತನ್ನು ಇಡೀ ಊರಿನ ಮುಂದೆ ಆಡಲು ಬಂದಿದ್ದರು. ಆಕೆ ಅಲ್ಲಿಂದಲೇ ಕೈಮುಗಿದಳು. ಖಣಿಯಲ್ಲಿ ಬಗ್ಗದ ತಲೆ ಈಗ ತಾನಾಗಿ ಬಗ್ಗಿತು.

ಊರಿನವರು ಅಷ್ಟಕ್ಕೇ ಬಗ್ಗುವವರೇ? ಕಲ್ಲಯ್ಯ ಗಂಟಲು ಸರಿಮಾಡಿಕೊಂಡ.

“ತಾಯಿಯೋರು ವಿರಕ್ತರು ಬಿಡ್ರಿ, ಅವರಿಗಿ ನಡೀತದ. ಊರ ಅಯ್ಯನೋರಿಗಿ ನಡೀತದೇನು? ಅವರೂ ಒಲ್ಲೆ ಅನ್ಲಿಕ್ಕ ಹತ್ತಿದ್ರ ಬಿನ್ನ ಯಾಕ ಬೇಕು, ಅಯ್ಯತನ ಯಾಕ ಬೇಕು?”

ಎಲ್ಲರ ಕಣ್ಣು ಚರಂತಯ್ಯನವರ ಕಡೆ ತಿರುಗಿತು. ಅವರಾಗಲೇ ಬಲವಂತಕ್ಕೆ ಸಾಕಷ್ಟು ಉಂಡಿದ್ದರು. ಮುಖದ ಮೇಲೆ ಬೆವರು, ಒಂದು ಕೈ ಎದೆಯ ಮೇಲಿತ್ತು. ಗೌಡರು ಕೇಳಿಯೇಬಿಟ್ಟರು:

“ಏನಪ್ಪೋರೆ, ನಿಮ್ಮದೂ ಹಂಗೇನು? ಒಲ್ಲೆ ಅಂದ್ರ ಈಗೇ ಅಂದ್ಬಿಡ್ರಿ. ಉಣ್ಣೋ ಅಯ್ಯನೋರು ಊರಾಗ ಇನ್ನೊಬ್ಬರು ಅದಾರ.”

ಅವರು ಬಾಯಿ ತೆರೆಯುವ ಮೊದಲೇ ಗಂಡಸರ ಪಂಕ್ತಿಯ ನಡುವೆ ಬಳೆಯ ಸಪ್ಪಳ ಕೇಳಿತು. ನೀಲಗಂಗಮ್ಮ ಹೊಸ್ತಿಲು ದಾಟಿ ಬಂದಿದ್ದಳು. ಆ ಪಡಸಾಲೆಯಲ್ಲಿ ಬಿನ್ನದ ಹೊತ್ತಿಗೆ ನೀಡುವುದಕ್ಕಲ್ಲದೆ ಹೆಂಗಸೊಬ್ಬಳು ಹಾಗೆ ನಡುವೆ ಬಂದು ನಿಂತದ್ದು ಅದೇ ಮೊದಲು. ಆಕೆ ಕಲ್ಲಯ್ಯನ ತಾಟಿನ ಮುಂದೆ ಜೋಳಿಗೆಯನ್ನೂ ಬೆತ್ತವನ್ನೂ ಇಟ್ಟಳು.

“ತಗೋರಿ ಕಲ್ಲಯ್ಯನೋರೆ. ಈಗ್ಲೇ ಸುರು ಮಾಡ್ರಿ. ಈ ಮನ್ಯಾಗ ಇನ್ನೂ ಅರ್ಧ ಬುಟ್ಟಿ ಹೋಳಿಗಿ ಅದ. ಇಲ್ಲಿ ಮುಗೀತಂದ್ರ ಪಾಟೀಲರ ಮನಿ, ಅಲ್ಲಿ ಭಜಿ ಬಿಸಿ ಅದಾವ. ಅಲ್ಲಿಂದ ಗಾಣಿಗೇರ ಮನಿ, ಅವರದು ಎಣ್ಣಿ ಕೈ ದೊಡ್ಡದು. ಆಮ್ಯಾಲ ಇನ್ನೂ ಎರಡು ಮನಿ ಕಾಯ್ಲತ್ತಾವ. ಒಂದು ಅಗುಳು ಬಿಡಂಗಿಲ್ಲ, ನೆನಪಿರ್ಲಿ. ತಾಟು ತೊಳೆದ ನೀರೂ ಕುಡೀಬೇಕು. ನಾಳಿ ಮುಂಜಾನಿ ಹಸುರು ನೀರು ಕಾರ್ಲಿಕ್ಕ ನಮ್ಮ ಬಚ್ಚಲಾ ಬಿಟ್ಟು ಕೊಡ್ತೀನಿ, ಬರ್ರಿ.”

ಕಲ್ಲಯ್ಯ ಹೋಳಿಗೆಯ ಬುಟ್ಟಿಯನ್ನೊಮ್ಮೆ ನೋಡಿದ. ಚರಂತಯ್ಯನವರ ಒಳಸೇರಿದ ಕೆನ್ನೆಗಳನ್ನೊಮ್ಮೆ ನೋಡಿದ. ಜೋಳಿಗೆಯನ್ನು ಬೆರಳ ತುದಿಯಿಂದ ಮೆಲ್ಲಗೆ ದೂರ ಸರಿಸಿದ.

“ಹಂಗಲ್ಲ ಅತ್ತಿಗಿ... ಇವತ್ತು ನಮ್ಮ ಎಮ್ಮಿ ಈಯೋದದ. ಮನ್ಯಾಗ ಯಾರೂ ಇಲ್ಲ.”

“ನಿಮ್ಮ ಮನ್ಯಾಗ ಎಮ್ಮಿ ಯಾವಾಗ ಬಂತೋ ಕಲ್ಲಯ್ಯಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಪಡಸಾಲೆ ಹೋ ಎಂದಿತು. ಗೌಡರೂ ಮೀಸೆಯೊಳಗೆ ನಗು ಮುಚ್ಚಿಕೊಂಡರು. ಕಲ್ಲಯ್ಯ ಧೋತರದ ಚುಂಗು ಹಿಡಿದು ಎದ್ದು ನಡೆದ.

ನಗದವಳು ಗೌಡ್ತಿ ಒಬ್ಬಳೇ. ಆಕೆಯ ಕಣ್ಣುಗಳು ಕೆಂಪಾಗಿದ್ದವು. ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದರಲ್ಲಿ ತುಪ್ಪದ ಗಿಂಡಿ ಹಿಡಿದು ಬಂದು ಚರಂತಯ್ಯನವರ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಅಪ್ಪೋರೆ, ಅವರೇನರೆ ಅನ್ಲಿ. ನೀವು ನನ್ನ ಕಡಿ ನೋಡ್ರಿ. ಇದೊಂದು ಹೋಳಿಗಿ. ಇದೊಂದೇ. ನನ್ನ ಮನೀಯಿಂದ ಅರೆಹೊಟ್ಟಿ ಏಳಬ್ಯಾಡ್ರಿ.”

ಬೇರೆಯವರ ಬೆದರಿಕೆಯನ್ನು ಎದುರಿಸುವುದು ಸುಲಭ ತಾಯಂದಿರಾ. ಹೀಗೆ ಕಣ್ಣೀರು ತುಂಬಿ ನೀಡಲು ಬಂದವರಿಗೆ ಬೇಡವೆನ್ನುವುದೇ ಕಷ್ಟ. ನೀಲಗಂಗಮ್ಮ ಗಂಡನ ಮುಖ ನೋಡಿದಳು. ಆ ಮುಖದ ಒಂದೊಂದು ಗೆರೆಯೂ ಆಕೆಗೆ ಗೊತ್ತು. ಸೋತ ಮುಖ ಅದು. ಆತ ಹಾಕಿಸಿಕೊಳ್ಳುತ್ತಾನೆ, ಉಣ್ಣುತ್ತಾನೆ, ನಾಳೆ ಬಚ್ಚಲಲ್ಲಿ ಕೆಂಪು ಎಳೆ ದಪ್ಪವಾಗುತ್ತದೆ. ಆಕೆಗೆ ಕೂಗಬೇಕೆನಿಸಿತು. ತಾಯಿಯವರ ಕಡೆ ನೋಡಿದಳು. ಅವರು ಯಾರ ಮುಖವನ್ನೂ ನೋಡದೆ, ತಮ್ಮ ತಾಟಿನ ಮೇಲಿನ ಅಂಗೈಯನ್ನು ಹಾಗೆಯೇ ಇಟ್ಟುಕೊಂಡು ಕೂತಿದ್ದರು. ಚರಂತಯ್ಯನವರೂ ಅದನ್ನೇ ನೋಡುತ್ತಿದ್ದರು.

ಗೌಡ್ತಿ ತಡೆಯಲಾರದೆ ಗಿಂಡಿ ಬಗ್ಗಿಸಿದಳು. ಅದೇ ಗಳಿಗೆಗೆ ಅಯ್ಯನವರ ಕೈ ಎದೆಯಿಂದ ಇಳಿದು ತಾಟಿನ ಮೇಲೆ ಹರವಿಕೊಂಡಿತು. ಒಲೆಯಿಂದ ಆಗಷ್ಟೇ ಇಳಿದ ತುಪ್ಪ ಅವರ ಹಿಂಗೈ ಮೇಲೆ ಬಿದ್ದು ಬೆರಳ ಸಂದಿಗಳಲ್ಲಿ ಹರಿಯಿತು.

“ಅಯ್ಯಯ್ಯೋ, ಕೈ ತೆಗೀರಿ ಅಪ್ಪೋರೆ! ಸುಡ್ತದ!”

ಅವರು ತೆಗೆಯಲಿಲ್ಲ. ಆ ಒಡೆದ ದನಿಯಲ್ಲಿ, ಕೇಳಿಸಿತೋ ಇಲ್ಲವೋ ಎನ್ನುವಂತೆ ಅಂದರು:

“ಇಷ್ಟು ದಿನ ಒಳಗ ಸುಡ್ತಿತ್ತು, ಗೌಡ್ತಿ. ಯಾರಿಗೂ ಕಾಣ್ತಿದ್ದಿಲ್ಲ. ಸಾಕು. ಒಲ್ಲೆ.”

ಗಿಂಡಿ ಆಕೆಯ ಕೈಯಿಂದ ಜಾರಿ ಫರಸಿಯ ಮೇಲೆ ಉರುಳಿತು. ಆಕೆ ಅಲ್ಲೇ ಕುಸಿದು ಕೂತು ಎದೆ ಬಡಿದುಕೊಂಡಳು.

“ನಮ್ಮ ಮನಿಯವರೂ ಹಿಂಗೇ ಒಲ್ಲೆ ಅಂದು ಎದ್ದ್ರು! ಖಣ್ಯಾಗ ಸುರಂಗು ಸಿಡಿಸೋ ಹೊತ್ತಾತು ಅಂತ ಅರ್ಧ ರೊಟ್ಟಿ ಬಿಟ್ಟು ಎದ್ದ್ರು. ಇನ್ನೊಂದು ತುತ್ತು ಉಣ್ರಿ ಅಂದಿದ್ರ, ಅಷ್ಟೊತ್ತಿಗಿ ಸಿಡಿದು ಮುಗೀತಿತ್ತು. ನಾ ಅನ್ಲಿಲ್ಲ. ಅವತ್ತಿನಿಂದ ಯಾರನ್ನೂ ಬಿಟ್ಟಿಲ್ಲ ನಾ...”

ಮಗ ಅಣವೀರಪ್ಪನವರಿಗೆ ಕೂಡ ಅದು ಗೊತ್ತಿರಲಿಲ್ಲ. ತಂದೆ ಖಣಿಯಲ್ಲಿ ಸಿಡಿಮದ್ದಿಗೆ ಸಿಕ್ಕು ಹೋದದ್ದು ಗೊತ್ತಿತ್ತು, ಬಿಟ್ಟು ಹೋದ ಅರ್ಧ ರೊಟ್ಟಿ ತಾಯಿಯ ಎದೆಯಲ್ಲಿ ಇಷ್ಟು ವರ್ಷ ಕೂತಿದ್ದು ಯಾರಿಗೆ ಗೊತ್ತು?

ತಾಯಿಯವರು ಎದ್ದರು. ಮೊದಲು ಚೆಂಬಿನ ತಣ್ಣೀರನ್ನು ಚರಂತಯ್ಯನವರ ಕೈ ಮೇಲೆ ಸಾವಕಾಶ ಸುರಿದರು. ಮತ್ತೆ ಸುರಿದರು. ಕೈಯನ್ನು ತಮ್ಮ ಸೆರಗಿನಿಂದ ಮೆತ್ತಗೆ ಒತ್ತಿ ಒರೆಸಿದರು. ಆಮೇಲೆ ಗೌಡ್ತಿಯ ಹತ್ತಿರ ಕೂತು ಆಕೆಯ ತಲೆಯ ಮೇಲೆ ಕೈಯಿಟ್ಟರು.

“ಸೂಗಮ್ಮಾ, ಅವರ ಪಾಲು ಇವರ ಹೊಟ್ಟ್ಯಾಗ ಸುರೀಬ್ಯಾಡವ್ವ.”

ಗೌಡ್ತಿ ತಲೆ ಎತ್ತಿದಳು. “ಮತ್ತ ಯಾರಿಗಿ ಹಾಕ್ಲಿ, ತಾಯಿ? ಈ ಕೈ ಸುಮ್ಮನ ಇರಂಗಿಲ್ಲ.”

“ಹಸಿದವರಿಗಿ ಹಾಕು. ಅವರು ಸಾಕು ಅಂದಾಗ ಕೇಳಿಸ್ಕೋ.”

ಹೊರಡುವಾಗ ಚರಂತಯ್ಯನವರು ಅಡ್ಡಬಿದ್ದು ಕೈಯೊಡ್ಡಿದರು. ಒಂದು ಚಿಟಿಕೆ ಬೂದಿಯಾದರೂ ಸಿಗಬಹುದೆಂಬ ಆಸೆ. ತಾಯಿಯವರು ಆ ಕೈಯನ್ನು ನೋಡಿ ನಕ್ಕರಂತೆ. “ನಾಳಿ ಬಸ್ಸಿಗಿ ಹೋಗ್ರಿ, ಡಾಕ್ಟರ್ ಕಡಿ,” ಎಂದವರೇ ಖಣಿಯ ದಾರಿ ಹಿಡಿದರು. ಪಾಟೀಲರ ಮನೆಯವರು ಬಾಗಿಲಲ್ಲಿ ಭಜಿಯ ತಾಟು ಹಿಡಿದು ನಿಂತಿದ್ದರು, ಅದನ್ನು ಮೆಲ್ಲಗೆ ಒಳಗೆ ತಗೊಂಡು ಹೋದರು.

ಚಮತ್ಕಾರ ಎಲ್ಲಿ ಎಂದು ಕೇಳುತ್ತೀರಿ. ಒಂದೇ ದಿನದಲ್ಲಿ ಉರಿ ಆರಿತೆಂದು ನಾವು ಹೇಳಿದರೆ ತಾಯಿಯವರೇ ಒಪ್ಪುವುದಿಲ್ಲ. ಅಯ್ಯನವರು ಗೂಡಿನಿಂದ ಗುಳಿಗೆ ತೆಗೆದು ಹೊತ್ತುಹೊತ್ತಿಗೆ ನುಂಗಿದರು. ಡಾಕ್ಟರಮ್ಮ ಕರೆದಾಗಲೆಲ್ಲ ಹೋಗಿ ನಳಿಗೆಗೆ ಬಾಯಿ ತೆರೆದರು, ಗುಳಿಗೆ ಬದಲಿಸಿದರೆ ಬದಲಿಸಿಕೊಂಡರು. ನೀಲಗಂಗಮ್ಮ ಖಣಿಯಿಂದ ಫರಸಿಯ ತುಂಡು ತಂದು ಹೊರಸಿನ ತಲೆಯ ಕಡೆಯ ಕಾಲುಗಳ ಕೆಳಗೆ ಕೊಟ್ಟಳು. ಉಂಡ ಮೇಲೆ ಅಯ್ಯನವರು ಮಲಗುತ್ತಿರಲಿಲ್ಲ, ಊರ ಅಗಸೆಬಾಗಿಲತನಕ ನಡೆದು ಬರುತ್ತಿದ್ದರು. ಕೆಲವು ನಸುಕುಗಳಲ್ಲಿ ಮತ್ತೆ ಕಹಿ ಏರಿತು, ಅವರು ಎದೆಗೆಟ್ಟರು, ಹೆಂಡತಿ ಎದೆಗೆಡಲಿಲ್ಲ. ತಿಂಗಳುಗಳು ಕಳೆದಂತೆ ಹಸುರು ನೀರು ನಿಂತಿತು, ಹುಣ್ಣು ಮಾಯಿತು, ಮೂಳೆಯ ಮೇಲೆ ಮಾಂಸ ಬಂತು.

ಇನ್ನು ಆಮೇಲೆ ಯಾರ ಬಾಳು ಏನಾಯಿತೆಂದು ಕೇಳಿಕೊಂಡು ಏಳಿರಿ.

ಕಲ್ಲಯ್ಯ ಮತ್ತೆಂದೂ ಅಯ್ಯತನದ ಮಾತೆತ್ತಲಿಲ್ಲ. ತಾಲೂಕಿನಲ್ಲಿ ವಿಭೂತಿ, ಊದುಬತ್ತಿಯ ಅಂಗಡಿ ಇಟ್ಟು ಚೆನ್ನಾಗಿಯೇ ಬಾಳಿದ. ಊರವರು ಸಿಕ್ಕಾಗೆಲ್ಲ ಎಮ್ಮೆ ಈದಿತೇನೋ ಎಂದು ಕೇಳುವುದನ್ನು ಮಾತ್ರ ಕೊನೆಯತನಕ ತಪ್ಪಿಸಿಕೊಳ್ಳಲಾಗಲಿಲ್ಲ. ಅಣವೀರಪ್ಪ ಗೌಡರು ಊರಲ್ಲಿ ಕಟ್ಟು ಮಾಡಿದರು. ಅಂದಿನಿಂದ ಕಣಿಹಾಳದಲ್ಲಿ ಬಿನ್ನಕ್ಕೆ ಕೂತವರ ಮೇಲೆ ಯಾರೂ ಆಣೆಯಿಡುವಂತಿಲ್ಲ. ಒಂದೇ ಮನೆಯಲ್ಲಿ ಉಣ್ಣಿಸಬೇಕು, ಉಳಿದ ಮನೆಯವರು ಹಿಡಿ ಜೋಳ ಜೋಳಿಗೆಗೆ ಹಾಕಬೇಕು. ಬೇರೆ ಊರಿನಿಂದ ಬಂದ ಬೀಗರು ಇದನ್ನು ಕಂಡು ಮೂಗು ಮುರಿದರು, ಗೌಡರು ಮುರಿಯಲಿ ಬಿಡು ಎಂದರು.

ಸೂಗಮ್ಮ ಗೌಡ್ತಿ ಹೊಸ ಖಣಿಯ ಕೂಲಿಕಾರರಿಗೆ ಮಧ್ಯಾಹ್ನ ರೊಟ್ಟಿ, ಬ್ಯಾಳಿ, ಮಜ್ಜಿಗೆ ಹೊರಿಸಿಕೊಂಡು ತಾನೇ ಹೋಗಿ ನೀಡುತ್ತಿದ್ದಳು. ಅವರು ಕೈಯಡ್ಡ ಇಟ್ಟರೆ ಅಲ್ಲಿಗೇ ನಿಲ್ಲಿಸುವಳು. ಮೊದಮೊದಲು ಆ ನಿಲ್ಲಿಸುವುದು ಅವಳಿಗೆ ಸೌಟು ಕಸಿದಷ್ಟು ಕಷ್ಟವಾಗುತ್ತಿತ್ತಂತೆ. ಹಣ್ಣು ಹಣ್ಣು ಮುದುಕಿಯಾಗಿ, ನಿದ್ದೆಯಲ್ಲಿ ಹೋದಳು. ಹೋಗುವ ಮೊದಲಿನ ವರ್ಷಗಳಲ್ಲಿ ಗಂಡನ ಹೆಸರು ಹೇಳಿ ನಗುವುದನ್ನೂ ಕಲಿತಿದ್ದಳು.

ಚರಂತಯ್ಯನವರ ಕಂಠ ಮೊದಲಿನಂತೆ ಪೂರ್ತಿ ತಿರುಗಿ ಬರಲಿಲ್ಲ. ಮೇಲಿನ ಸ್ವರಗಳು ಹೋದವು, ಕೆಳಗಿನವು ಉಳಿದವು. ಆ ತಗ್ಗಿದ ದನಿಯಲ್ಲೇ ಊರಿನ ಎಷ್ಟೋ ಮಕ್ಕಳಿಗೆ ಹೆಸರಿಟ್ಟರು, ಎಷ್ಟೋ ಹುಡುಗಿಯರಿಗೆ ಮದುವೆ ಮಾಡಿಸಿದರು. ಈಗಿನ ದನಿಯೇ ಹಿತವೆಂದು ವಾಲಗದವರು ಹೇಳುತ್ತಿದ್ದರು. ಮೊಮ್ಮಗನಿಗೆ ಅಯ್ಯಾಚಾರದ ದೀಕ್ಷೆ ಮಾಡಿಸಿ, ಜೋಳಿಗೆ ಅವನ ಹೆಗಲಿಗೇರಿಸಿದ ಮೇಲೆಯೇ ಅವರು ಲಿಂಗೈಕ್ಯರಾದದ್ದು.

ಬಂಡೆಮ್ಮ ತಾಯಿಯವರು ಅದೇ ಗುಡಿಸಲಿನಲ್ಲಿ, ಅದೇ ಕಲ್ಲಿನ ಮೇಲೆ ದೇಹ ಬಿಟ್ಟರು. ‘ನನ್ನ ಮ್ಯಾಲ ಒಂದು ಕಲ್ಲು ಇಡ್ರಿ, ಮತ್ತೇನೂ ಬ್ಯಾಡ’ ಎಂಬುದೇ ಅವರ ಕೊನೆಯ ಮಾತು. ಆದರೆ ಭಕ್ತರ ಉತ್ಸಾಹ ಕೇಳಬೇಕೆ? ಗುಮ್ಮಟ ಕಟ್ಟಬೇಕು, ಕಳಸ ಇಡಬೇಕು, ಗೋಡೆಗೆ ಬಣ್ಣದ ಗಾಜು ಕೂಡಿಸಬೇಕು ಎಂದು ಗಾರೆಯವರನ್ನು ಕರೆತಂದರು. ಆಗ ನೀಲಗಂಗಮ್ಮನಿಗೆ ಬೆನ್ನು ಬಾಗಿತ್ತು, ಗಂಡನೂ ಇರಲಿಲ್ಲ. ಕೋಲೂರಿಕೊಂಡು ಖಣಿಗೆ ಹೋದಳು. ಗಾರೆಯವರ ಬುಟ್ಟಿ, ಹಾರೆಗಳ ನಡುವೆ ಹಾದು ಹೋಗಿ, ತಾಯಿಯವರ ಮೇಲಿಟ್ಟ ಆ ಒಂದು ಕಲ್ಲಿನ ಪಕ್ಕದಲ್ಲಿ ಕೂತಳು.

“ಕಟ್ಟೋರು ನನ್ನ ಮ್ಯಾಲ ಕಟ್ರಿ,” ಎಂದಳು.

ಗಾರೆಯವರು ಹೊತ್ತು ಇಳಿಯುವತನಕ ಕಾದರು. ಮರುದಿನ ಬಂದರು, ಆಕೆ ಅಲ್ಲೇ ಇದ್ದಳು. ಹಾರೆ ಬುಟ್ಟಿ ಹೊತ್ತುಕೊಂಡು ಹೋದವರು ತಿರುಗಿ ಬರಲಿಲ್ಲ. ಆ ಬಳಿಕ ಆಕೆ ಬದುಕಿದಷ್ಟು ಕಾಲ ದಿನವೂ ಹೋಗಿ ಅಲ್ಲಿನ ಕಸ ಗುಡಿಸಿದಳು. ಈಗಲೂ ಹೋಗಿ ನೋಡಿರಿ, ತಾಯಿಯವರ ಗದ್ದುಗೆಯ ಮೇಲೆ ಸೂರಿಲ್ಲ. ಮಳೆ ಬಂದರೆ ತೊಯ್ಯುತ್ತದೆ, ಬಿಸಿಲಿಗೆ ಕಾಯುತ್ತದೆ, ಆಡುಗಳು ಬಂದು ಪಕ್ಕದಲ್ಲಿ ಮಲಗುತ್ತವೆ.